ಚುಕ್ಕಿಯೂ ಗೆರೆಯೂ

ಪ್ರವಾಸ ಹೋಗಿ ಬಂದವರನ್ನು ಮನೆಯ ಹಿರಿಯರು ಎರಡು ಪ್ರಶ್ನೆ ಕೇಳುವುದು ವಾಡಿಕೆ. ಏನೇನು ನೋಡಿದಿರಿ ಎಂಬುದು ಒಂದು. ಯಾವ ದಾರಿಯಲ್ಲಿ ಹೋದಿರಿ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ. ನೋಡಿದ್ದು ಕಣ್ಣಮುಂದೆ ನಿಂತಿರುತ್ತದೆ. ಎರಡನೆಯದು ಬಂದಾಗ ಮಾತು ತಡವರಿಸುತ್ತದೆ. ಹಾಸನದ ಮೇಲೆ ಹೋದೆವೋ ಅರಸೀಕೆರೆಯ ಮೇಲೆ ಹೋದೆವೋ, ನಡುವೆ ಕಾಫಿಗೆ ನಿಂತದ್ದು ಯಾವ ಊರಿನಲ್ಲಿ, ಎಂದು ಗಂಡ ಹೆಂಡಿರಲ್ಲೇ ವಾದ ಹುಟ್ಟುತ್ತದೆ. ನೋಡಿದ ಜಾಗಕ್ಕೆ ಕೊಡುವ ಗಮನವನ್ನು ನಾವು ನಡೆದ ದಾರಿಗೆ ಕೊಡುವುದಿಲ್ಲ. ಅದು ಮನುಷ್ಯಸ್ವಭಾವ.

ಈಚೆಗೆ ಈ ವಾದವನ್ನು ತೀರಿಸಲು ಮಧ್ಯಸ್ಥನೊಬ್ಬ ಸಿಕ್ಕಿದ್ದಾನೆ. ಅವನು ಎಲ್ಲರ ಜೇಬಿನಲ್ಲಿಯೂ ಇರುವ ಕೈಫೋನು. ಅದರಲ್ಲಿ ತೆಗೆದ ಚಿತ್ರಗಳನ್ನು ಒಟ್ಟುಮಾಡಿ, ಅವುಗಳೊಳಗೆ ಅಡಗಿರುವ ಸ್ಥಳದ ಗುರುತುಗಳನ್ನು ಹೆಕ್ಕಿ, ಕಾಲಕ್ರಮದಲ್ಲಿ ಜೋಡಿಸಿದರೆ, ಪ್ರವಾಸದ ಜಾಡು ನಕ್ಷೆಯ ಮೇಲೆ ಗೆರೆಯಾಗಿ ಮೂಡುತ್ತದೆ. ದಾರಿಯನ್ನು ದಾಖಲೆ ಮಾಡಬೇಕೆಂದು ಹೊರಡುವ ಮೊದಲೇ ಯಾರೂ ಯೋಚಿಸಿರಬೇಕಾಗಿಲ್ಲ. ನೋಡುವುದಕ್ಕೆ ಇದು ಬಹಳ ಸಣ್ಣ ಕೆಲಸ. ಆದರೆ ಸ್ವಲ್ಪ ವಿಚಾರಮಾಡಿದರೆ ಇದರೊಳಗೆ ಹಳೆಯ ಪ್ರಶ್ನೆಯೊಂದು ಕುಳಿತಿರುವುದು ಕಾಣುತ್ತದೆ: ಗೊತ್ತಿರುವ ಎರಡು ಸಂಗತಿಗಳ ನಡುವೆ ಗೊತ್ತಿಲ್ಲದ್ದನ್ನು ತುಂಬುವ ಅಧಿಕಾರ ನಮಗೆ ಎಷ್ಟರಮಟ್ಟಿಗೆ ಇದೆ?

ಫೋನಿಗೆ ದಾರಿ ಹೇಗೆ ತಿಳಿಯುತ್ತದೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ನಿಜ ಹೇಳಬೇಕಾದರೆ, ಚಿತ್ರಗಳಲ್ಲಿ ದಾರಿ ಇರುವುದಿಲ್ಲ. ಚಿತ್ರ ತೆಗೆದ ಜಾಗಗಳು ಮಾತ್ರ ಇರುತ್ತವೆ. ಪ್ರತಿಯೊಂದು ಚಿತ್ರದ ಜೊತೆಗೂ ಕಣ್ಣಿಗೆ ಕಾಣದ ಟಿಪ್ಪಣಿಯೊಂದು ಸೇರಿಕೊಂಡಿರುತ್ತದೆ. ಎಕ್ಸಿಫ್ ಎಂದು ಅದರ ಹೆಸರು. 1995ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ ಉದ್ಯಮಗಳ ಸಂಘವೊಂದು ಗೊತ್ತುಮಾಡಿದ ಕ್ರಮ ಅದು. ಚಿತ್ರ ತೆಗೆದ ದಿನ, ಹೊತ್ತು, ಕ್ಯಾಮೆರಾದ ಹೆಸರು ಮೊದಲಾದವು ಅದರಲ್ಲಿ ದಾಖಲಾಗುತ್ತವೆ. ಫೋನಿನ ಯಜಮಾನ ಬೇಡವೆನ್ನದಿದ್ದರೆ ಅಕ್ಷಾಂಶ ರೇಖಾಂಶಗಳೂ ಸೇರುತ್ತವೆ. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಮೇಲೆ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳಲ್ಲಿ ಕಡೆಯ ಪಕ್ಷ ನಾಲ್ಕರಿಂದ ಬಂದ ಸಂಕೇತಗಳ ಕಾಲವನ್ನು ಹೋಲಿಸಿ ಫೋನು ತನ್ನ ಸ್ಥಳವನ್ನು ಲೆಕ್ಕಹಾಕುತ್ತದೆ. 2000ದ ಮೇ ತಿಂಗಳವರೆಗೆ ಅಮೆರಿಕದ ಸರ್ಕಾರ ಸಾಮಾನ್ಯ ಜನರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕುಮಾಡಿ ಕೊಡುತ್ತಿತ್ತು. ನೂರು ಮೀಟರಿನಷ್ಟು ಹೆಚ್ಚುಕಡಿಮೆ ಆಗುತ್ತಿತ್ತು. ಆ ಮಸುಕನ್ನು ತೆಗೆದಮೇಲೆ, ಬಯಲಿನಲ್ಲಿ ನಿಂತವನ ಜಾಗ ಕೆಲವೇ ಮೀಟರುಗಳ ಅಂತರದಲ್ಲಿ ತಿಳಿಯುತ್ತದೆ.

ಬೆಂಗಳೂರಿನ ಒಂದು ಸಂಸಾರ ಬೆಳಿಗ್ಗೆ ಶ್ರವಣಬೆಳಗೊಳ, ಮಧ್ಯಾಹ್ನ ಬೇಲೂರು, ಸಂಜೆ ಹಳೇಬೀಡು ನೋಡಿ ಬಂದಿತೆನ್ನಿ. ಬೇಲೂರಿನ ಚೆನ್ನಕೇಶವ ದೇವಾಲಯದ ಮುಂದೆ ತೆಗೆದ ಚಿತ್ರದಲ್ಲಿ ಅಕ್ಷಾಂಶ 13.16, ರೇಖಾಂಶ 75.86 ಎಂಬ ಅಂಕಿಗಳು ಇರುತ್ತವೆ. ಎಕ್ಸಿಫ್‌ಟೂಲ್ ಎಂಬುದೊಂದು ಉಪಕರಣವಿದೆ; ಫಿಲ್ ಹಾರ್ವೆ ಎಂಬವರು 2003ರಲ್ಲಿ ಹೊರತಂದದ್ದು, ಯಾರು ಬೇಕಾದರೂ ಕಾಸಿಲ್ಲದೆ ಬಳಸಬಹುದಾದದ್ದು. ಅದಕ್ಕೆ ಒಂದು ಸಾಲಿನ ಆಜ್ಞೆ ಕೊಟ್ಟರೆ ಚಿತ್ರಗಳಲ್ಲಿರುವ ಅಂಕಿಗಳನ್ನೆಲ್ಲ ತೆಗೆದು ಜಿ.ಪಿ.ಎಕ್ಸ್. ಎಂಬ ಮಾದರಿಯ ಕಡತವಾಗಿ ಬರೆದುಕೊಡುತ್ತದೆ. 2002ರಲ್ಲಿ ಬಳಕೆಗೆ ಬಂದ ಈ ಮಾದರಿ ಬರಿಯ ಅಕ್ಷರದ ಕಡತ. ತೆರೆದು ನೋಡಿದರೆ ಯಾರಾದರೂ ಓದಬಹುದು. ಅದನ್ನು ನಕ್ಷೆಯ ಮೇಲೆ ಹಾಸಿದರೆ ಮೂರು ಕಡೆ ಚುಕ್ಕಿಗಳ ಗುಂಪು, ಅವುಗಳನ್ನು ಕೂಡಿಸುವ ಗೆರೆ.

ಈ ಕೆಲಸದಲ್ಲಿ ಎಡವುವ ಜಾಗಗಳು ಇಲ್ಲದೆ ಇಲ್ಲ. ಉಪಗ್ರಹದ ಗಡಿಯಾರದಿಂದ ಬಂದ ಹೊತ್ತು ಲೋಕಮಾನದ್ದು. ಕ್ಯಾಮೆರಾದ ಗಡಿಯಾರ ತೋರಿಸುವುದು ನಮ್ಮ ದೇಶದ್ದು. ಎರಡಕ್ಕೂ ಐದೂವರೆ ಗಂಟೆಯ ಅಂತರ. ಎರಡನ್ನೂ ಕಲಸಿಬಿಟ್ಟರೆ ಹತ್ತು ಗಂಟೆಗೆ ಬೆಟ್ಟ ಹತ್ತಿದವನು ನಸುಕಿನ ನಾಲ್ಕೂವರೆಗೆ ಹತ್ತಿದಂತೆ ಆಗುತ್ತದೆ. ಕಡತಗಳನ್ನು ಹೊತ್ತಿನ ಪ್ರಕಾರ ಜೋಡಿಸದೆ ಹೆಸರಿನ ಪ್ರಕಾರ ಜೋಡಿಸಿದರೆ ಸಂಸಾರ ಬೇಲೂರಿಗೂ ಬೆಳಗೊಳಕ್ಕೂ ಹತ್ತು ಸಲ ಓಡಾಡಿದಂತೆ ಕಾಣುತ್ತದೆ. ಕಟ್ಟಡದ ಒಳಗೆ ತೆಗೆದ ಚಿತ್ರಕ್ಕೆ ಹಿಂದಿನ ಜಾಗದ ಗುರುತೇ ಅಂಟಿಕೊಂಡಿರುವುದೂ ಉಂಟು. ಇವೆಲ್ಲ ಎಚ್ಚರದಿಂದ ತಿದ್ದಬಹುದಾದ ತಪ್ಪುಗಳು. ನಾನು ಹೇಳಬೇಕೆಂದಿರುವುದು, ಎಲ್ಲವನ್ನೂ ತಿದ್ದಿದಮೇಲೂ ಉಳಿಯುವ ಒಂದು ತೊಡಕಿನ ವಿಷಯ.

ಚುಕ್ಕಿಗಳು ಸರಿಯಾಗಿವೆ. ಆದರೆ ಗೆರೆ ಎಲ್ಲಿಂದ ಬಂತು? ಶ್ರವಣಬೆಳಗೊಳದ ಕಡೆಯ ಚಿತ್ರಕ್ಕೂ ಬೇಲೂರಿನ ಮೊದಲ ಚಿತ್ರಕ್ಕೂ ನಡುವೆ ಮೂರು ಗಂಟೆ ಕಳೆದಿದೆ. ಆ ಮೂರು ಗಂಟೆಯ ಸಾಕ್ಷ್ಯ ಚಿತ್ರಗಳಲ್ಲಿ ಒಂದಿಷ್ಟೂ ಇಲ್ಲ. ಗೆರೆ ಮಾತ್ರ ಹೊಲ, ತೋಟ, ಕೆರೆ ಯಾವುದನ್ನೂ ಲೆಕ್ಕಿಸದೆ ನೇರವಾಗಿ ಹಾದುಹೋಗಿದೆ. ಬೇರೆ ಕೆಲವು ಉಪಕರಣಗಳು ಇನ್ನೂ ಜಾಣತನ ತೋರಿಸಿ ಆ ಗೆರೆಯನ್ನು ರಸ್ತೆಯ ಮೇಲೆ ಕೂರಿಸಿ ಕೊಡುತ್ತವೆ. ಆಗ ಅದು ಇನ್ನಷ್ಟು ನಂಬುವಂತೆ ಕಾಣುತ್ತದೆ. ನಿಜವಾಗಿ ಇನ್ನಷ್ಟು ಊಹೆ ಸೇರಿರುತ್ತದೆ. ಆ ಮೂರು ಗಂಟೆಯಲ್ಲಿ ಅವರು ಹಾಸನದ ಆಸ್ಪತ್ರೆಯಲ್ಲಿದ್ದ ಸೋದರತ್ತೆಯನ್ನು ನೋಡಿಕೊಂಡು ಬಂದಿರಬಹುದು. ಚಕ್ರದ ಗಾಳಿ ಹೋಗಿ ರಸ್ತೆಯ ಪಕ್ಕದಲ್ಲಿ ನಿಂತಿರಬಹುದು. ಯಾವುದೋ ಮಾತಿಗೆ ಜಗಳವಾಗಿ ಎಲ್ಲರೂ ಮುಖ ತಿರುಗಿಸಿಕೊಂಡು ಕುಳಿತಿರಬಹುದು. ಇಂಥ ಹೊತ್ತಿನಲ್ಲಿ ಯಾರೂ ಚಿತ್ರ ತೆಗೆಯುವುದಿಲ್ಲ. ಸಂತೋಷದ ಜಾಗಗಳಲ್ಲಿ ಚುಕ್ಕಿ ಬೀಳುತ್ತದೆ; ಕಷ್ಟದ ಹೊತ್ತು ಗೆರೆಯ ಕೆಳಗೆ ಮುಚ್ಚಿಹೋಗುತ್ತದೆ.

ನಮ್ಮ ನೈಯಾಯಿಕರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿದ್ದರು. ಕಂಡದ್ದನ್ನು ಪ್ರತ್ಯಕ್ಷವೆಂದೂ, ಕಂಡದ್ದರಿಂದ ಕಾಣದ್ದನ್ನು ತಿಳಿಯುವುದನ್ನು ಅನುಮಾನವೆಂದೂ ಅವರು ಕರೆದರು. ಅನುಮಾನದಲ್ಲಿ ಮೂರು ಬಗೆ. ಅದರಲ್ಲಿ ಒಂದಕ್ಕೆ ವಾತ್ಸ್ಯಾಯನರು ಕೊಡುವ ಉದಾಹರಣೆ ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದಂತಿದೆ. ಒಂದು ಕಡೆ ಕಂಡ ವಸ್ತು ಆಮೇಲೆ ಇನ್ನೊಂದು ಕಡೆ ಕಂಡರೆ, ಅದು ನಡುವೆ ಚಲಿಸಿರಬೇಕು. ಸೂರ್ಯ ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಕಾಣುತ್ತಾನೆ. ಆದ್ದರಿಂದ ಚಲಿಸುವುದನ್ನು ನಾವು ನೋಡದಿದ್ದರೂ ಸೂರ್ಯ ಚಲಿಸುತ್ತಾನೆ. ಚಿತ್ರಗಳಿಂದ ಜಾಡು ಎಳೆಯುವ ಉಪಕರಣ ಮಾಡುವುದು ಅಕ್ಷರಶಃ ಇದನ್ನೇ. ಬೆಳಿಗ್ಗೆ ಬೆಳಗೊಳ, ಮಧ್ಯಾಹ್ನ ಬೇಲೂರು; ನಡುವೆ ಚಲನೆ.

ಆದರೆ ಈ ಉದಾಹರಣೆಗೆ ಏನಾಯಿತು ಎಂಬುದನ್ನೂ ನೆನೆಯಬೇಕು. ಕಂಡದ್ದು ಸುಳ್ಳಲ್ಲ, ಸೂರ್ಯ ಎರಡು ಕಡೆಯೂ ಕಂಡದ್ದು ನಿಜವೇ. ನಡುವೆ ಚಲನೆ ನಡೆದದ್ದೂ ನಿಜ. ಚಲಿಸಿದವರು ಯಾರು ಎಂಬುದರಲ್ಲಿ ಮಾತ್ರ ತಪ್ಪಾಯಿತು. 499ರಲ್ಲಿಯೇ ಆರ್ಯಭಟ ದೋಣಿಯಲ್ಲಿ ಕುಳಿತವನ ಹೋಲಿಕೆಯಿಂದ ತಿರುಗುತ್ತಿರುವುದು ಭೂಮಿ ಎಂದು ಸೂಚಿಸಿದ್ದ. ಚುಕ್ಕಿಗಳು ಸರಿಯಾಗಿದ್ದು, ತರ್ಕವೂ ಒಪ್ಪುವಂತಿದ್ದು, ಗೆರೆ ಮಾತ್ರ ತಪ್ಪಾಗಿರಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಕಿಲ್ಲ. ನೋಡುವವನು ತಾನು ಸ್ಥಿರವಾಗಿದ್ದೇನೆಂದು ಭಾವಿಸಿಕೊಂಡದ್ದೇ ಅಲ್ಲಿ ಆದ ತೊಂದರೆ. ಬೇರೆಯವರ ನಡತೆಯನ್ನು ಅಳೆಯುವಾಗಲೂ ನಮಗೆ ಆಗುವುದು ಬಹಳ ಮಟ್ಟಿಗೆ ಇದೇ.

ಕನ್ನಡದ ಆಡುಮಾತು ಈ ವಿಷಯದಲ್ಲಿ ಸೊಗಸಾದ ಒಂದು ಕೆಲಸ ಮಾಡಿದೆ. ಶಾಸ್ತ್ರದಲ್ಲಿ ಪ್ರಮಾಣವಾಗಿದ್ದ ಅನುಮಾನ ನಮ್ಮ ಬೀದಿಗೆ ಬರುವ ಹೊತ್ತಿಗೆ ಸಂಶಯವಾಗಿದೆ. ‘ನನಗೆ ಅವನ ಮೇಲೆ ಅನುಮಾನ’ ಎಂದರೆ ಅವನ ವಿಷಯದಲ್ಲಿ ಜ್ಞಾನ ಬಂದಿದೆ ಎಂದಲ್ಲ. ನಂಬಿಕೆ ಹೋಗಿದೆ ಎಂದು. ಒಂದೇ ಶಬ್ದ ಒಂದು ಕಡೆ ತಿಳಿವಿನ ಸಾಧನ, ಇನ್ನೊಂದು ಕಡೆ ನಂಬಿಕೆಯ ನಾಶ. ಇದು ಆಕಸ್ಮಿಕವಿರಬಹುದು. ಆದರೂ, ಬೇರೊಬ್ಬರ ಬಾಳಿನ ಖಾಲಿ ಜಾಗಗಳನ್ನು ತುಂಬಲು ಹೊರಟಾಗ ಶಾಸ್ತ್ರದ ಅನುಮಾನ ಎಷ್ಟು ಬೇಗ ಬೀದಿಯ ಅನುಮಾನವಾಗುತ್ತದೆ ಎಂಬುದನ್ನು ಬಲ್ಲವರಿಗೆ ಈ ಅರ್ಥಾಂತರ ವಿಚಿತ್ರವೆನ್ನಿಸುವುದಿಲ್ಲ.

ಹಾಗಾದರೆ ಗೆರೆಯನ್ನೇ ಎಳೆಯಬಾರದೆ ಎಂದು ಕೇಳಬಹುದು. ಎಳೆಯದೆ ಬಾಳುವುದು ಸಾಧ್ಯವಿಲ್ಲ. ಇತಿಹಾಸವೆಂಬುದು ಶಾಸನ, ನಾಣ್ಯ, ಓಲೆಗಳೆಂಬ ಚುಕ್ಕಿಗಳ ನಡುವೆ ಎಳೆದ ಗೆರೆಯಲ್ಲದೆ ಮತ್ತೇನು? ಮನೆಯ ಮುಂದೆ ರಂಗೋಲಿ ಇಡುವ ಹೆಣ್ಣುಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಚುಕ್ಕಿ ಇಟ್ಟು ಸುಮ್ಮನಾದರೆ ರಂಗೋಲಿಯಾಗುವುದಿಲ್ಲ. ಆದರೆ ಅವರಿಗೆ ಇನ್ನೊಂದೂ ಗೊತ್ತು: ಅವೇ ಚುಕ್ಕಿಗಳಿಂದ ಇವತ್ತು ಕಮಲ ಬರುತ್ತದೆ, ನಾಳೆ ತೇರು ಬರುತ್ತದೆ. ಇದೇ ಬರಬೇಕು ಎಂದು ಚುಕ್ಕಿ ಹೇಳುವುದಿಲ್ಲ. ಎಳೆಯನ್ನು ಎಳೆದದ್ದು ತನ್ನ ಕೈ ಎಂಬುದನ್ನು ರಂಗೋಲಿ ಇಟ್ಟವಳು ಮರೆಯುವುದಿಲ್ಲ. ನಾವು ಮರೆಯುತ್ತೇವೆ.

ಮರೆತರೆ ಏನಾಗುತ್ತದೆ ಎಂಬುದಕ್ಕೆ ಎವರೆಸ್ಟ್ ಬೆಟ್ಟದ ಕಥೆಯೊಂದಿದೆ. 1924ರ ಜೂನ್ 8ರಂದು ಮ್ಯಾಲರಿ ಮತ್ತು ಅರ್ವಿನ್ ಎಂಬ ಇಬ್ಬರು ಅದರ ತುದಿಯ ಕಡೆ ಹೊರಟರು. ಮಧ್ಯಾಹ್ನ ಒಂದು ಗಂಟೆಗೆ ಸ್ವಲ್ಪ ಮೊದಲು, ಕೆಳಗಿದ್ದ ಸಂಗಡಿಗ ಓಡೆಲ್ ಮೋಡ ಸರಿದ ಗಳಿಗೆಯಲ್ಲಿ ಏಣಿನ ಮೇಲೆ ಎರಡು ಆಕೃತಿಗಳನ್ನು ಕಂಡರು. ಮತ್ತೆ ಮೋಡ ಮುಚ್ಚಿತು. ಮ್ಯಾಲರಿಯ ದೇಹ 1999ರ ಮೇ 1ರಂದು, ಸುಮಾರು 8,150 ಮೀಟರು ಎತ್ತರದಲ್ಲಿ ಸಿಕ್ಕಿತು. ಅರ್ವಿನನ ಒಂದು ಪಾದ, ಬೂಟಿನೊಂದಿಗೆ, 2024ರಲ್ಲಿ ಕೆಳಗಿನ ಹಿಮನದಿಯಲ್ಲಿ ಸಿಕ್ಕಿತು. ಚುಕ್ಕಿಗಳು ಇಷ್ಟೆ. ಅವರು ತುದಿ ಮುಟ್ಟಿದರೋ ಇಲ್ಲವೋ ಎಂಬುದು ಈ ಚುಕ್ಕಿಗಳ ನಡುವೆ ಇದೆ. ಅವರು ಸಣ್ಣ ಕೊಡಕ್ ಕ್ಯಾಮೆರಾ ಒಯ್ದಿದ್ದರು. ಅದನ್ನು ಕೊಟ್ಟವರು ಸೋಮರ್ವೆಲ್, ಮುಂದೆ ತಿರುವಾಂಕೂರಿನ ನೆಯ್ಯೂರಿನಲ್ಲಿ ಬಹಳ ವರ್ಷ ವೈದ್ಯರಾಗಿ ದುಡಿದವರು. ಆ ಕ್ಯಾಮೆರಾ ಸಿಕ್ಕಿದರೆ ಇನ್ನೊಂದು ಚುಕ್ಕಿ ದೊರೆತೀತೆಂದು ಜನ ಇಂದಿಗೂ ಕಾಯುತ್ತಿದ್ದಾರೆ. ಅಷ್ಟರಲ್ಲಿ ಮೆಚ್ಚಿದವರು ಗೆರೆಯನ್ನು ತುದಿಯವರೆಗೂ ಎಳೆದಿದ್ದಾರೆ. ಮೆಚ್ಚದವರು ನಡುವೆಯೇ ನಿಲ್ಲಿಸಿದ್ದಾರೆ. ಓಡೆಲ್ ಸಹ ತಾವು ಕಂಡದ್ದು ಏಣಿನ ಯಾವ ಮೆಟ್ಟಿಲಿನಲ್ಲಿ ಎಂಬ ಮಾತನ್ನು ಆಮೇಲೆ ಬದಲಿಸಿದರು. ಎಷ್ಟೋ ವೇಳೆ ಗೆರೆಯ ಆಕಾರವನ್ನು ಚುಕ್ಕಿಗಿಂತ ಹೆಚ್ಚಾಗಿ ನಮ್ಮ ಆಸೆಯೇ ಗೊತ್ತುಮಾಡುತ್ತದೆ.

ಬೆಟ್ಟದ ಕಥೆಯಲ್ಲಿ ಯಾರಿಗೂ ಹಾನಿಯಿಲ್ಲ. ಮನೆಯ ಒಳಗೆ ಇದು ಬೇರೆ ರೂಪ ತಾಳುತ್ತದೆ. ಹೀಗೊಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ನಿವೃತ್ತರಾದ ತಂದೆ ತೀರಿಕೊಂಡಿದ್ದಾರೆ. ವೈಕುಂಠ ಸಮಾರಾಧನೆ ಮುಗಿದಮೇಲೆ ಮಕ್ಕಳು ಅವರ ಫೋನಿನಲ್ಲಿರುವ ಚಿತ್ರಗಳನ್ನೆಲ್ಲ ಇಳಿಸಿಕೊಂಡು, ಅವರ ಕಡೆಯ ಹತ್ತು ವರ್ಷದ ಓಡಾಟವನ್ನು ನಕ್ಷೆಯಲ್ಲಿ ಮೂಡಿಸಬೇಕೆಂದು ಕೂರುತ್ತಾರೆ. ಉದ್ದೇಶ ಒಳ್ಳೆಯದೇ, ಪ್ರೀತಿಯಿಂದ ಮಾಡುವ ಕೆಲಸ. ಕಾಶಿ, ರಾಮೇಶ್ವರ, ಮಗಳ ಊರು, ಮೊಮ್ಮಗನ ಶಾಲೆ ಎಲ್ಲ ಬರುತ್ತವೆ. ಜೊತೆಗೆ ಮಂಡ್ಯದ ಒಂದು ಬೀದಿಯಲ್ಲಿ ಏಳೆಂಟು ಚುಕ್ಕಿಗಳು, ಬೇರೆ ಬೇರೆ ತಿಂಗಳಿನವು, ಕಾಣಿಸಿಕೊಳ್ಳುತ್ತವೆ. ಚಿತ್ರದಲ್ಲಿರುವುದು ಒಂದು ಬೇವಿನ ಮರ, ಒಂದು ಗೇಟು, ಅಷ್ಟೆ. ಮಂಡ್ಯಕ್ಕೆ ಹೋಗುತ್ತಿದ್ದೇನೆಂದು ಅವರು ಮನೆಯಲ್ಲಿ ಎಂದೂ ಹೇಳಿರಲಿಲ್ಲ.

ಈಗ ಗೆರೆ ಎಳೆಯುವ ಕೆಲಸ ಆರಂಭವಾಗುತ್ತದೆ. ಹಳೆಯ ಸಾಲವನ್ನು ತೀರಿಸಲು ಹೋಗುತ್ತಿದ್ದರೆ? ಕಷ್ಟದಲ್ಲಿದ್ದ ಸ್ನೇಹಿತನಿಗೆ ಸದ್ದಿಲ್ಲದೆ ಸಹಾಯ ಮಾಡುತ್ತಿದ್ದರೆ? ಅಥವಾ ಮಕ್ಕಳು ಬಾಯಿಬಿಟ್ಟು ಹೇಳದ ಆ ಇನ್ನೊಂದೆ? ಚುಕ್ಕಿಗಳು ಮೂರಕ್ಕೂ ಸಮನಾಗಿ ಹೊಂದುತ್ತವೆ. ಉತ್ತರ ಹೇಳಬೇಕಾದವರು ಇಲ್ಲ. ತಂದೆ ಆ ಮರದ ಚಿತ್ರ ತೆಗೆದದ್ದು ಮರಕ್ಕಾಗಿ. ತಮ್ಮ ಜಾಡನ್ನು ಮಕ್ಕಳ ಮುಂದೆ ಇಡಬೇಕೆಂದಲ್ಲ. ಚಿತ್ರ ಕೊಟ್ಟವರು ಜಾಡನ್ನೂ ಕೊಟ್ಟಂತಾಯಿತೆ? ಕೊಡುವವರಿಗೆ ತಾವು ಕೊಡುತ್ತಿರುವುದು ಇದು ಎಂಬ ಅರಿವೇ ಇಲ್ಲದಾಗ ಅದನ್ನು ದಾನವೆನ್ನುವುದು ಹೇಗೆ?

ಇದಕ್ಕೆ ಎದುರಾಗಿ ಬಲವಾದ ಆಕ್ಷೇಪವೊಂದಿದೆ. ಬೆಟ್ಟ ಹತ್ತಲು ಹೋದ ಹುಡುಗ ರಾತ್ರಿಯಾದರೂ ಬಂದಿಲ್ಲ. ಮಧ್ಯಾಹ್ನ ಅವನು ಸ್ನೇಹಿತರಿಗೆ ಕಳುಹಿಸಿದ ಎರಡು ಚಿತ್ರಗಳಿವೆ. ಅವುಗಳ ಚುಕ್ಕಿಗಳನ್ನು ಕೂಡಿಸಿ, ಅವನು ಯಾವ ಕಡೆ ಇಳಿದಿರಬಹುದೆಂದು ಊಹಿಸದೆ, ಅದು ಅವನ ಖಾಸಗಿ ವಿಷಯವೆಂದು ಕೂರುವುದು ಧರ್ಮವೆ? ಖಂಡಿತ ಅಲ್ಲ. ಅಲ್ಲಿ ಗೆರೆ ಎಳೆಯುವುದು ಕರ್ತವ್ಯ. ಆದರೆ ಎರಡಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಹುಡುಗನನ್ನು ಹುಡುಕುವವರು ತಮ್ಮ ಗೆರೆಯ ಮೇಲೆ ತಾವೇ ನಡೆದುಹೋಗುತ್ತಾರೆ. ಗೆರೆ ತಪ್ಪಾಗಿದ್ದರೆ ಅಲ್ಲಿ ಹುಡುಗ ಇರುವುದಿಲ್ಲ. ಅವರು ಅದನ್ನು ಅಳಿಸಿ ಬೇರೆ ಎಳೆಯುತ್ತಾರೆ. ಗೆರೆಯಿಂದ ಒಳಿತಾಗುವುದೂ ಹುಡುಗನಿಗೇ. ಊರಿನ ಜಗಲಿಗಳಲ್ಲಿ ಎಳೆಯುವ ಗೆರೆಗೆ ಈ ಎರಡೂ ಇಲ್ಲ. ಅದನ್ನು ಎಳೆದವರು ಆ ದಾರಿಯಲ್ಲಿ ನಡೆದು ನೋಡುವುದಿಲ್ಲ, ಯಾರಿಗಾಗಿ ಎಳೆದರೆಂಬುದಕ್ಕೂ ಉತ್ತರವಿಲ್ಲ. ಮಂಡ್ಯದ ಆ ಬೀದಿಗೆ ಹೋಗಿ, ಗೇಟು ತಟ್ಟಿ, ಒಳಗಿನಿಂದ ಬರುವ ಉತ್ತರ ಯಾವುದಾದರೂ ತಲೆಬಾಗಿ ಕೇಳಲು ಸಿದ್ಧನಾದ ಮಗನಿಗೆ ಊಹಿಸುವ ಅಧಿಕಾರ ಸ್ವಲ್ಪಮಟ್ಟಿಗೆ ಇದೆ. ಮನೆಯಲ್ಲಿಯೇ ಕುಳಿತು ತೀರ್ಮಾನಿಸುವವನಿಗೆ ಇಲ್ಲ.

ಇಂಥ ವಿವೇಕವನ್ನು ನಮ್ಮ ನ್ಯಾಯಾಲಯಗಳು ಕಾನೂನಿನ ಭಾಷೆಯಲ್ಲಿ ಹೇಳಿವೆ. ಕಣ್ಣಾರೆ ಕಂಡ ಸಾಕ್ಷಿ ಇಲ್ಲದೆ ಸನ್ನಿವೇಶಗಳಿಂದಲೇ ಅಪರಾಧವನ್ನು ಸಾಧಿಸಬೇಕಾದಾಗ ಪಾಲಿಸತಕ್ಕ ಐದು ನಿಯಮಗಳನ್ನು ಸುಪ್ರೀಂ ಕೋರ್ಟು 1984ರಲ್ಲಿ ವಿವರಿಸಿತು. ಸಾಕ್ಷ್ಯದ ಸರಪಳಿ ಪೂರ್ತಿಯಾಗಿರಬೇಕು. ಆಪಾದಿತ ನಿರಪರಾಧಿಯೆಂದು ತಿಳಿಯಲು ಯುಕ್ತವಾದ ಯಾವ ಎಡೆಯೂ ಉಳಿದಿರಬಾರದು. ಬೇರೆ ಗೆರೆಯೂ ಹೊಂದುವುದಾದರೆ ಶಿಕ್ಷೆಯಿಲ್ಲ ಎಂದು ಇದರ ತಾತ್ಪರ್ಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ತಂದ ಮೊಕದ್ದಮೆಯಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ತೀರ್ಪಾಯಿತು. ಜಾಮೀನು ಪಡೆದವನು ತಾನಿರುವ ಜಾಗವನ್ನು ಗೂಗಲ್ ನಕ್ಷೆಯ ಮೂಲಕ ತನಿಖೆಯವರಿಗೆ ತೋರಿಸುತ್ತಿರಬೇಕೆಂಬ ಷರತ್ತು ಸಲ್ಲದೆಂದು 2024ರ ಜುಲೈಯಲ್ಲಿ ಅದೇ ಕೋರ್ಟು ಹೇಳಿತು. ಅಪರಾಧದ ಆಪಾದನೆ ಹೊತ್ತವನಿಗೆ ಇರುವ ರಕ್ಷಣೆ ನೆರೆಮನೆಯವರಿಗೂ, ತೀರಿಕೊಂಡ ತಂದೆಗೂ ನಮ್ಮ ಮನಸ್ಸಿನಲ್ಲಿ ಇರಬೇಡವೆ?

ಚುಕ್ಕಿಗಳು ಬಹಳವಾದರೆ ಗೆರೆ ತಾನಾಗಿ ನಿಜವಾಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಹದಿನೈದು ಲಕ್ಷ ಜನರ ಹದಿನೈದು ತಿಂಗಳ ಕೈಫೋನಿನ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಜಾಗ ಮತ್ತು ಹೊತ್ತನ್ನು ಹೇಳುವ ನಾಲ್ಕೇ ಚುಕ್ಕಿಗಳಿಂದ ನೂರಕ್ಕೆ 95 ಮಂದಿಯನ್ನು ಗುಂಪಿನಿಂದ ಬೇರ್ಪಡಿಸಿ ಗುರುತಿಸಬಹುದೆಂದು ತೋರಿಸಿತು. ಭಯಪಡಬೇಕಾದ ಮಾತೇ ಸರಿ. ಆದರೆ ಅದು ತೋರಿಸಿದ್ದು ‘ಇವನೇ ಅವನು’ ಎಂಬುದನ್ನು. ಅವನು ಅಲ್ಲಿಗೆ ಏಕೆ ಹೋದ, ಹೋಗುವಾಗ ಅವನ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ನಾಲ್ಕು ಸಾವಿರ ಚುಕ್ಕಿಗಳೂ ಸಾಲವು. ಒಬ್ಬನನ್ನು ಪತ್ತೆಹಚ್ಚುವುದು ಬೇರೆ, ಅವನನ್ನು ಅರಿಯುವುದು ಬೇರೆ.

ಕಡೆಯದಾಗಿ, ಆಶ್ಚರ್ಯದ ಸಂಗತಿಯೊಂದನ್ನು ಹೇಳಬೇಕು. ಈ ವಿಷಯದಲ್ಲಿ ಬೇಕಾದ ವಿವೇಕ ಜಿ.ಪಿ.ಎಕ್ಸ್. ಕಡತದ ನಿಯಮಗಳಲ್ಲಿಯೇ ಇದೆ. ಅದರಲ್ಲಿ ಮೂರು ಬಗೆಯ ದಾಖಲೆಗಳು: ಬಿಡಿ ಚುಕ್ಕಿ ಒಂದು, ಮುಂದೆ ಹೋಗಬೇಕಾದ ದಾರಿ ಒಂದು, ಹೋಗಿ ಬಂದ ಜಾಡು ಒಂದು. ಮೂರನ್ನೂ ಬೆರೆಸುವ ಹಾಗಿಲ್ಲ. ಅಲ್ಲದೆ ಜಾಡನ್ನು ತುಂಡುತುಂಡಾಗಿ ಬರೆಯಲು ಅವಕಾಶವಿದೆ. ಉಪಗ್ರಹದ ಸಂಕೇತ ತಪ್ಪಿಹೋದಾಗ, ಅಥವಾ ಉಪಕರಣವನ್ನು ಆರಿಸಿದಾಗ, ಹಳೆಯ ತುಂಡನ್ನು ಅಲ್ಲಿಗೇ ಮುಗಿಸಿ ಹೊಸ ತುಂಡನ್ನು ಆರಂಭಿಸಬೇಕೆಂದು ನಿಯಮ ಹೇಳುತ್ತದೆ. ಹಾಗೆ ಬರೆದ ಕಡತವನ್ನು ನಕ್ಷೆಯ ಮೇಲೆ ಹಾಸಿದರೆ ಎರಡು ತುಂಡುಗಳ ನಡುವೆ ಖಾಲಿ ಜಾಗ ಖಾಲಿಯಾಗಿಯೇ ಉಳಿಯುತ್ತದೆ. ಯಂತ್ರಕ್ಕಾಗಿ ನಿಯಮ ಬರೆದವರಿಗೆ ಇದ್ದ ಈ ಸಂಕೋಚ ಮನುಷ್ಯರಿಗೆ ಇದ್ದರೆ ಎಷ್ಟು ಸಂಸಾರಗಳು ನೆಮ್ಮದಿಯಾಗಿರುತ್ತಿದ್ದವು!

ನಮ್ಮ ಪ್ರವಾಸದ ಜಾಡನ್ನು ನಾವು ಎಳೆದುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಮರೆತ ಊರಿನ ಹೆಸರು ನೆನಪಾದರೆ ಸಂತೋಷವೇ. ಅಲ್ಲಿಯೂ ಚಿತ್ರವಿಲ್ಲದ ಗಂಟೆಗಳಲ್ಲಿ ಗೆರೆಯನ್ನು ಕಡಿದು, ನೆನಪಿದ್ದರೆ ನೆನಪೆಂದೇ ಬರೆದಿಡುವುದು ಲೇಸು. ಬೇರೆಯವರ ವಿಷಯ ಬಂದಾಗ ಚುಕ್ಕಿಯನ್ನು ಚುಕ್ಕಿಯಾಗಿಯೇ ಬಿಡುವುದು ಕಷ್ಟ. ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ಕೇಳಬಹುದಾದವರಿದ್ದರೆ ಕೇಳೋಣ. ಇಲ್ಲದಿದ್ದರೆ ಆ ಬೇವಿನ ಮರ ಮಂಡ್ಯದ ಒಂದು ಬೀದಿಯಲ್ಲಿ ಒಂದು ಬೇವಿನ ಮರವಾಗಿಯೇ ಇರಲಿ. ನಮ್ಮ ತಂದೆ ಅದರ ಮುಂದೆ ಏಳೆಂಟು ಸಲ ನಿಂತಿದ್ದರು, ಅದನ್ನು ಚಿತ್ರ ತೆಗೆಯುವಷ್ಟು ಮೆಚ್ಚಿದ್ದರು ಎಂಬುದು ನಮಗೆ ಗೊತ್ತು. ಅದು ಕಡಿಮೆಯೇನಲ್ಲ.